ನಮ್ಮ ಮೋರಿಯ ನೀರು ಎಲ್ಲಿಗೆ ಹೋಗುತ್ತದೆ

ನಿನ್ನೆ ಸಂಜೆ ಮಳೆ ನಿಂತ ಮೇಲೆ ಹಾಲು ತರಲು ಹೊರಟವನು, ಬೆಂಗಳೂರಿನ ರಾಜರಾಜೇಶ್ವರಿ ನಗರದ ನಮ್ಮ ಬೀದಿಯ ತಿರುವಿನಲ್ಲಿ, ಮೋರಿಯ ಜಾಲರಿಯ ಬಳಿ ಸ್ವಲ್ಪ ಹೊತ್ತು ನಿಂತೆ. ಗುಟ್ಕಾ ಚೀಟಿ, ಹಾಲಿನ ಪೊಟ್ಟಣದಿಂದ ಕತ್ತರಿಸಿದ ಸಣ್ಣ ತುದಿ, ಮಿಠಾಯಿ ಸುತ್ತಿದ ಹೊಳೆಯುವ ಕಾಗದ, ಎಲ್ಲವೂ ಒಂದೆರಡು ಸುತ್ತು ತಿರುಗಿ ಒಳಗೆ ಜಾರಿದವು.

ಆ ನೀರು ರಾಜಕಾಲುವೆಯಿಂದ ವೃಷಭಾವತಿ ನದಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರಿ, ಹೊಗೇನಕಲ್ಲು, ಮೆಟ್ಟೂರುಗಳನ್ನು ದಾಟಿ ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಕಸವೆಲ್ಲ ಅಷ್ಟು ದೂರ ಹೋಗುವುದಿಲ್ಲ ನಿಜ. ಬಹಳಷ್ಟು ದಡದ ಪೊದೆಗಳಲ್ಲಿ, ಅಣೆಕಟ್ಟುಗಳ ಹೂಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಪ್ಲಾಸ್ಟಿಕ್ ಕೊಳೆಯುವ ವಸ್ತುವಲ್ಲ. ಬಿಸಿಲಿಗೆ ಬಿರುಕುಬಿಟ್ಟು, ಕಲ್ಲಿಗೆ ಉಜ್ಜಿ, 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಾದಾಗ ಅದನ್ನು ಮುಂದಿನ ಪ್ರವಾಹ ಸುಲಭವಾಗಿ ಹೊತ್ತೊಯ್ಯುತ್ತದೆ, ಮೀನುಗಳು ಆಹಾರವೆಂದು ನುಂಗುತ್ತವೆ.

ಕರ್ನಾಟಕದಲ್ಲಿ 2016ರಲ್ಲೇ ತೆಳು ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂದರೂ, ನಿನ್ನೆ ನನ್ನ ಮುಂದೆ ನಿಂತಿದ್ದ ಹಿರಿಯರಿಗೆ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿದ್ದು ಅಂಥದೇ ಚೀಲದಲ್ಲಿ. ಸಮುದ್ರವನ್ನೇ ಕಾಣದ ಊರಿನವರು ನಾವೆಂದು ಇಷ್ಟು ದಿನ ನಿಶ್ಚಿಂತನಾಗಿದ್ದುದಕ್ಕೆ ನನಗೆ ನೋವಾಯಿತು. ಹಾಲಿನ ಪೊಟ್ಟಣವನ್ನು ಇಂದು ಬೆಳಿಗ್ಗೆ ತುದಿ ಬೇರ್ಪಡದಂತೆ ಅರ್ಧದಷ್ಟೇ ಕತ್ತರಿಸಿ, ತೊಳೆದು, ಒಣಕಸದ ಬುಟ್ಟಿಗೆ ಹಾಕಿದೆ.