ಮೋರಯಾ ಅಂದ್ರೆ ಯಾರು?

ನಮ್ಮ ರಾತ್ರಿಶಾಲೆಯಲ್ಲಿ ಹೆಚ್ಚಿನವರು ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವವರು. ನಾನು ಮುಂಬಯಿಯ ಗಿರಗಾಂವ್‌ನಲ್ಲಿ ಟೇಬಲ್ ಒರೆಸುತ್ತಿದ್ದೆ. ಸಂಜೆ ಅಂಗಿ ಬದಲಿಸಿ ಶಾಲೆಗೆ ಓಟ. ಚೌತಿಯ ದಿನಗಳಲ್ಲಿ ಮಾತ್ರ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಯಾರೋ 'ಗಣಪತಿ ಬಪ್ಪಾ' ಅಂದರೆ ಸಾಕು, ಇಡೀ ಕ್ಲಾಸು 'ಮೋರಯಾ!'

ಒಂದು ರಾತ್ರಿ ಕನ್ನಡ ಮಾಸ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಮೋರಯಾ ಅಂದ್ರೆ ಯಾರು?"

ಗಣಪತಿಯ ಇನ್ನೊಂದು ಹೆಸರು ಎಂದೆವು. ಅಲ್ಲವಂತೆ. ಪುಣೆ ಹತ್ತಿರದ ಚಿಂಚವಾಡದಲ್ಲಿದ್ದ ಮೋರಯಾ ಗೋಸಾವಿ ಎಂಬ ಸಂತರ ಹೆಸರಂತೆ ಅದು. ಮೋರಗಾಂವದ ಗಣಪತಿ ಎಂದರೆ ಅವರಿಗೆ ಪ್ರಾಣ. ಪವನಾ ನದಿಯ ದಂಡೆಯಲ್ಲಿ ಅವರ ಸಮಾಧಿ ಈಗಲೂ ಇದೆ. ದೇವರನ್ನು ಕೂಗುವಾಗ ಭಕ್ತನ ಹೆಸರೂ ಜೊತೆಗೆ ಬರುತ್ತದೆ, ಎಷ್ಟು ಚಂದ ಅಲ್ವಾ? ಅವರು ಬೀದರ್ ಕಡೆಯಿಂದ ಬಂದವರು ಎಂಬ ಕತೆಯೂ ಉಂಟು ಎಂದರು ಮಾಸ್ಟ್ರು. ಮರುದಿನ ನಮ್ಮ ಗಂಟಲು ಇನ್ನೂ ಜೋರಾಯಿತು! 'ಬಪ್ಪಾ' ಅಂದರೆ ಅಪ್ಪ ಎಂದೂ ಅಂದೇ ತಿಳಿಯಿತು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ. ಹಾಗಾಗಿ ನಾನು ಅಷ್ಟು ದಿನ ಏನೇನೋ ಅಂದುಕೊಂಡಿದ್ದೆ ಬಿಡಿ.

ನಮ್ಮ ಹೋಟೆಲಿಗೆ ಹತ್ತಿರವೇ ಕೇಶವಜಿ ನಾಯಕ್ ಚಾಳು, ಅಂದರೆ ಸಾಲು ಕೋಣೆಗಳ ವಠಾರ. ಟಿಳಕರು ಸಾರ್ವಜನಿಕ ಗಣೇಶೋತ್ಸವಕ್ಕೆ ಕರೆಕೊಟ್ಟ 1893ರಲ್ಲೇ ಅಲ್ಲಿ ಗಣಪತಿ ಕೂರಿಸಿದ್ದರು. ದಿನಾ ಅದರ ಮುಂದೆ ಓಡಾಡಿದರೂ ನನಗದು ಗೊತ್ತೇ ಇರಲಿಲ್ಲ.

ಆ ಕೂಗು ಚೌತಿಗೆ ಮಾತ್ರ ಅಂತೇನೂ ಇರಲಿಲ್ಲ. ಅಡುಗೆಮನೆಯಲ್ಲಿ ಅರೆಯುವ ಕಲ್ಲು ಎತ್ತುವಾಗ ಒಬ್ಬ 'ಗಣಪತಿ ಬಪ್ಪಾ' ಅನ್ನುತ್ತಿದ್ದ, ಉಳಿದವರು 'ಮೋರಯಾ' ಎಂದು ಒಟ್ಟಿಗೆ ಎತ್ತುತ್ತಿದ್ದೆವು. ಪಿಕ್‌ನಿಕ್ ಬಸ್ಸು ಹೊರಟಾಗ, ವಾಲಿಬಾಲ್ ಗೆದ್ದಾಗ, ಎಸ್ಸೆಸ್ಸಿ ರಿಸಲ್ಟ್ ಬಂದಾಗಲೂ ಅದೇ. ಫೇಲಾದವನೇ ಎಲ್ಲರಿಗಿಂತ ಜಾಸ್ತಿ ಕೂಗಿದ್ದ.

ಮಾಸ್ಟ್ರು ನಿವೃತ್ತರಾಗಿ ಊರಿಗೆ ಹೊರಟ ದಿನ ಬಸ್ಸಿನ ಬಳಿ ಸೇರಿದ್ದೆವು. ಅವರ ಟ್ರಂಕು ಮೇಲೆ ಹತ್ತಿಸುವಾಗ ಅಭ್ಯಾಸಬಲದಿಂದ 'ಗಣಪತಿ ಬಪ್ಪಾ' ಬಂತು, 'ಮೋರಯಾ' ಬಂತು. ಬಸ್ಸು ಅಲುಗಾಡಿದ್ದೇ ತಡ, ಒಬ್ಬ ಅಳುತ್ತಲೇ ವಿಸರ್ಜನೆಯ ಸಾಲನ್ನೂ ಕೂಗಿಬಿಟ್ಟ: 'ಪುಢಚ್ಯಾ ವರ್ಷೀ ಲವಕರ್ ಯಾ!' ಮುಂದಿನ ವರ್ಷ ಬೇಗ ಬನ್ನಿ.

ಮಾಸ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು. "ಎಂಥದ್ರೋ, ನನ್ನನ್ನು ನೀರಿಗೆ ಬಿಡ್ಲಿಕ್ಕೆ ಹೊರಟಿದ್ದೀರಾ?"