ಅಗಸ್ತ್ಯ: ದಕ್ಷಿಣದವರ ಪಾಲಿನ ನಕ್ಷತ್ರ

ಡಿಸೆಂಬರ್ ಮೊದಲ ವಾರ ರಾತ್ರಿ 9 ಗಂಟೆಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತು, ಎದುರಿಗೆ ಕಂಡ ಒಂಟಿ ಚುಕ್ಕಿಯನ್ನೇ ಅಗಸ್ತ್ಯ ಅಂದುಕೊಳ್ಳುವವರು ಬಹಳ. ಅದು ಅಚರ್ನಾರ್ ಎಂಬ ಬೇರೆ ನಕ್ಷತ್ರ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಅಗಸ್ತ್ಯ ಆಗ್ನೇಯದ ಅಂಚಿನಲ್ಲಿ ಆಗಷ್ಟೇ ತಲೆ ಎತ್ತುತ್ತಿರುತ್ತದೆ, ಎದುರು ಮನೆಯ ಟ್ಯಾಂಕೇ ಅದನ್ನು ಮುಚ್ಚಿಬಿಡುತ್ತದೆ. ಫೆಬ್ರವರಿ 10ರ ಆಸುಪಾಸು ನೋಡುವುದು ಸಲೀಸು. ರಾತ್ರಿ 9.20ರ ಸುಮಾರಿಗೆ ನೇರ ದಕ್ಷಿಣದಲ್ಲಿ, ಏರಬಹುದಾದಷ್ಟು ಎತ್ತರಕ್ಕೆ ಏರಿರುತ್ತದೆ.

ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ಸೊಂಟದ ಮೂರು ಚುಕ್ಕಿಗಳ ಸಾಲು ಹಿಡಿದು ಎಡಕ್ಕೆ ಇಳಿದರೆ ಲುಬ್ಧಕ (ಸಿರಿಯಸ್). ಅಲ್ಲಿಂದ ಕೆಳಕ್ಕೆ ಮೂರೂವರೆ ಮುಷ್ಟಿ (ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ) ಬಂದರೆ ಅಗಸ್ತ್ಯ.

ಕಾಂತಿಮಾನ, ಅಂದರೆ ಕಣ್ಣಿಗೆ ಕಾಣುವ ಹೊಳಪಿನ ಅಳತೆ, −0.74 (ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಎರಡನೇ ಸ್ಥಾನ, ಮೊದಲನೆಯದು ಲುಬ್ಧಕ. ಆದರೆ ಈ ಶ್ರೇಯಾಂಕ ಅಗಸ್ತ್ಯನಿಗೆ ಅನ್ಯಾಯ. ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷ ದೂರದಲ್ಲಿ, ಅಗಸ್ತ್ಯ ಸುಮಾರು 310ರಲ್ಲಿ. ಸೂರ್ಯನ 70 ಪಟ್ಟಿಗೂ ಹೆಚ್ಚು ಅಗಲದ, ಹತ್ತು ಸಾವಿರ ಪಟ್ಟಿಗೂ ಹೆಚ್ಚು ಬೆಳಕು ಚೆಲ್ಲುವ ದೈತ್ಯ ಅದು. ಲುಬ್ಧಕದ ಜಾಗಕ್ಕೆ ತಂದಿಟ್ಟರೆ ಶುಕ್ರ ಗ್ರಹವೂ ಅದರ ಮುಂದೆ ಸಪ್ಪೆ. ನಿಜವಾದ ಬಣ್ಣ ತುಸು ಹಳದಿ ಬೆರೆತ ಬಿಳಿ. ದಿಗಂತದ ಹತ್ತಿರವಿದ್ದಾಗ ದಪ್ಪ ಗಾಳಿಯ ಪದರ ಹಾಯ್ದು ಬರುವ ಬೆಳಕು ಕೆಂಪು, ಹಸಿರು ಮಿನುಗುವುದರಿಂದ ವಿಮಾನವೇನೋ ಅನ್ನಿಸುತ್ತದೆ.

ಇದರ ನಿಜವಾದ ಉಪಯೋಗ ನಮ್ಮ ಊರಿನ ಅಕ್ಷಾಂಶ ಅಳೆಯಲು. ಶಾಲೆಯ ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ನಡು ಬಿಂದುವಿನಿಂದ ದಾರ ಇಳಿಬಿಟ್ಟು ತುದಿಗೆ ಒಂದು ನಟ್ ಕಟ್ಟಿ. ಸ್ಟ್ರಾದೊಳಗೆ ನಕ್ಷತ್ರ ಕಂಡಾಗ ದಾರವನ್ನು ಬೆರಳಿಂದ ಒತ್ತಿ ಹಿಡಿದು, ಆಮೇಲೆ ಟಾರ್ಚ್ ಹಾಕಿ ಓದಿ. 66 ಬಂದರೆ ಎತ್ತರ 90ರಲ್ಲಿ 66 ಕಳೆದು 24. ಭೂಮಧ್ಯರೇಖೆಯಲ್ಲಿ ನಿಂತವರಿಗೆ ಅಗಸ್ತ್ಯ ಏರುವ ಗರಿಷ್ಠ ಎತ್ತರ 37.3 ಡಿಗ್ರಿ. ಅದರಲ್ಲಿ 24 ಕಳೆಯಿರಿ: 13.3, ಅಂದರೆ ಹೆಚ್ಚುಕಮ್ಮಿ ಬೆಂಗಳೂರು. ಚಾಮರಾಜನಗರದಲ್ಲಿ ಎತ್ತರ 25 ದಾಟುತ್ತದೆ, ಬೀದರಿನಲ್ಲಿ 19.4, ದೆಹಲಿಯಲ್ಲಿ 9 ಕೂಡ ಇಲ್ಲ. ಅಳತೆ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿದಾಗ. ನೇರ ದಕ್ಷಿಣಕ್ಕೆ ಬರುವ ಹೊತ್ತಿಗಿಂತ ಕಾಲು ಗಂಟೆ ಆಚೀಚೆ ಆದರೆ ಚಿಂತೆಯಿಲ್ಲ, ಒಂದು ಗಂಟೆ ತಪ್ಪಿದರೆ ಸುಮಾರು 1.3 ಡಿಗ್ರಿ ವ್ಯತ್ಯಾಸ. ನೆಲದ ಮೇಲೆ ಅದು 140 ಕಿಲೋಮೀಟರ್! ಗಾಳಿಗೆ ದಾರ ಓಲಾಡುವ ಮಹಡಿಯ ತುದಿಯೂ ಬೇಡ.

ಗ್ರೀಕರ ಪೊಸಿಡೋನಿಯಸ್ ಇದೇ ಉಪಾಯದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ರೋಡ್ಸ್ ದ್ವೀಪದಲ್ಲಿ ನಕ್ಷತ್ರ ದಿಗಂತ ಸವರಿ ಹೋಗುತ್ತದೆ, ಅಲೆಕ್ಸಾಂಡ್ರಿಯದಲ್ಲಿ 7.5 ಡಿಗ್ರಿ ಮೇಲಿರುತ್ತದೆ ಎಂಬುದು ಅವನ ಆಧಾರ. ನಿಜವಾದ ವ್ಯತ್ಯಾಸ 5 ಡಿಗ್ರಿ ಚಿಲ್ಲರೆ ಅಷ್ಟೆ.

ಅರಬರಿಗೆ ಇದು ಸುಹೈಲ್, ಚೀನೀಯರಿಗೆ ದೀರ್ಘಾಯುಷ್ಯ ಕೊಡುವ ದಕ್ಷಿಣದ ಮುದುಕ, ಗ್ರೀಕರಿಗೆ ಕನೋಪಸ್. ನಮ್ಮ 27 ನಕ್ಷತ್ರಗಳಲ್ಲಿ ಇದಿಲ್ಲ, ಹಾಗಾಗಿ ಅಗಸ್ತ್ಯನ ಹೆಸರಿನ ಮಳೆಯೂ ಇಲ್ಲ. ಆದರೂ ಇದರ ಉದಯಕ್ಕೆ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅಗಸ್ತ್ಯ ಮೂಡಿದರೆ ಮಳೆಗಾಲದ ಕೆಂಪು ನೀರು ತಿಳಿಯಾಗುತ್ತದೆ ಎಂಬ ಮಾತು ಕಾಳಿದಾಸನಲ್ಲೂ ಇದೆ. ಲೆಕ್ಕದ ಪ್ರಕಾರ ನಮ್ಮಲ್ಲಿ ಆಗಸ್ಟ್ ಮೊದಲ ವಾರದ ನಸುಕಿಗೇ ಅದು ಕಾಣಬೇಕು. ಮೋಡ ಬಿಡಬೇಕಲ್ಲ! ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ಬೆಳಗಿನ ಜಾವ, 5 ಗಂಟೆಗೆ, ದಕ್ಷಿಣ-ಆಗ್ನೇಯದ ಕಡೆ ನೋಡಿ.