ಮಡಚುವ ಕತ್ತಿಯೂ ಉಡುಪಿ ಮಳೆಯೂ

13 ಜುಲೈ 2025, ಭಾನುವಾರ
ಉಡುಪಿ

ಮಂಗಳೂರಿನ ಭಾವ ಬೆಳಿಗ್ಗೆನೇ ವಾಟ್ಸಾಪಲ್ಲಿ ಒಂದು ಲಿಂಕ್ ಕಳಿಸಿದ್ರು. ಡಿ2 ಸ್ಟೀಲಿನ ಮಡಚುವ ಕತ್ತಿ, ಕಪ್ಪು ಹಿಡಿ, ನೋಡ್ಲಿಕ್ಕೆ ಭಾರೀ ಚಂದ, ಕೆಳಗೆ ಒಂದೇ ಪ್ರಶ್ನೆ, "ತಗೊಳ್ಬಹುದಾ?" ಉತ್ತರ ಟೈಪ್ ಮಾಡ್ತಾ ಮಾಡ್ತಾ ಉದ್ದ ಆಯ್ತು, ಹೇಗೂ ಹೊರಗೆ ಕಾಲಿಡ್ಲಿಕ್ಕೆ ಆಗದ ಮಳೆ, ಹಾಗಾಗಿ ಇಲ್ಲೇ ಬರೀತೇನೆ.

ಬೇಡ ಭಾವ. ಬೆಂಗಳೂರಲ್ಲಿ ಇದ್ದಿದ್ರೆ ತಗೊಳ್ಳಿ ಅಂತಿದ್ದೆ, ಕರಾವಳಿಗೆ ಅದು ಆಗ್ಲಿಕ್ಕಿಲ್ಲ.

ಡಿ2 ಅಂದ್ರೆ ಮೂಲದಲ್ಲಿ ಕಾರ್ಖಾನೆಯಲ್ಲಿ ಡೈ, ಅಂದ್ರೆ ಲೋಹ ಒತ್ತುವ ಅಚ್ಚು, ಮಾಡುವ ಸ್ಟೀಲು. ಕಾರ್ಬನ್ ಸುಮಾರು 1.5%, ಕ್ರೋಮಿಯಂ 12%ರ ಆಸುಪಾಸು. ಸ್ಟೈನ್‌ಲೆಸ್ ಅಂತ ಕರೀಲಿಕ್ಕೆ 10.5% ಕ್ರೋಮಿಯಂ ಸಾಕು ಅಂತಾರೆ, ಆ ಲೆಕ್ಕದಲ್ಲಿ ಇದಕ್ಕೆ ತುಕ್ಕು ಬರಲೇಬಾರದು, ಆದ್ರೆ ಬರ್ತದೆ. ಎಂತಕ್ಕೆ ಅಂದ್ರೆ ಅಷ್ಟೂ ಕಾರ್ಬನ್ ಸೇರಿ ಕ್ರೋಮಿಯಂನಲ್ಲಿ ದೊಡ್ಡ ಪಾಲನ್ನು ಹಿಡಿದು ಕಾರ್ಬೈಡ್ ಅನ್ನುವ ಗಟ್ಟಿ ಹರಳು ಮಾಡಿಬಿಡ್ತದೆ. ಆ ಹರಳಿಂದಲೇ ಅದರ ಹರಿತ ಅಷ್ಟು ದಿನ ಬಾಳಿಕೆ ಬರುವುದು ಸರಿ, ಆದ್ರೆ ಸ್ಟೀಲಿನ ಮೈಮೇಲೆ ತೆಳು ಪೊರೆ ಕಟ್ಟಿ ತುಕ್ಕು ತಡೆಯುವುದು ಕಾರ್ಬನ್ನಿನ ಕೈಗೆ ಸಿಗದೆ ಉಳಿದ ಕ್ರೋಮಿಯಂ ಮಾತ್ರ. ನಮ್ಮ ಗಾಳಿಯಲ್ಲಿರುವ ಉಪ್ಪು ಆ ಪೊರೆಯನ್ನೇ ತೂತು ಮಾಡುವುದು. ನನ್ನ ಹತ್ರ ಇದ್ದ ಒಂದು ಡಿ2 ಕತ್ತಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿಯ ಬುಡದ ಹತ್ರ ಸಾಸಿವೆ ಸಿಡಿದ ಹಾಗೆ ಕಂದು ಚುಕ್ಕಿ, ಉಜ್ಜಿದ್ರೆ ಬಣ್ಣ ಹೋಯ್ತು, ಗುಳಿ ಹಾಗೇ ಉಂಟು.

ಇದರಲ್ಲಿ ನನಗೆ ಮಜಾ ಅನಿಸುವುದು ಮ್ಯಾಗ್ನಾಕಟ್ ಅನ್ನುವ ಇನ್ನೊಂದು ಸ್ಟೀಲಿನ ಕಥೆ. ಲ್ಯಾರಿನ್ ಥಾಮಸ್ ಅಂತ ಲೋಹಶಾಸ್ತ್ರದವರು ವಿನ್ಯಾಸ ಮಾಡಿದ್ದು, 2021ರಲ್ಲಿ ಬಂತು. ಅದರಲ್ಲಿ ಕ್ರೋಮಿಯಂ ಬರೀ 10.7%, ಅಂದ್ರೆ ಡಿ2ಗಿಂತಲೂ ಕಮ್ಮಿ, ಆದ್ರೂ ತುಕ್ಕು ತಡೆಯುವುದರಲ್ಲಿ ಡಿ2 ಅದರ ಹತ್ರವೂ ಬರುವುದಿಲ್ಲ. ಕಾರ್ಬನ್ನಿಗೆ ಜೊತೆಯಾಗ್ಲಿಕ್ಕೆ ವೆನೇಡಿಯಂ, ನಿಯೋಬಿಯಂ ಅನ್ನುವ ಬೇರೆ ಲೋಹ ಕೊಟ್ಟು ಕ್ರೋಮಿಯಂನ್ನು ಅದರಷ್ಟಕ್ಕೆ ಬಿಟ್ಟಿದ್ದಾರೆ. ಹಾಗಾಗಿ ಅಂಗಡಿಯವ ಕ್ರೋಮಿಯಂ ಪರ್ಸೆಂಟ್ ಹೇಳಿದ ಅಂತ ತಲೆಯಾಡಿಸ್ಬೇಡಿ, ಕಾರ್ಬನ್ ಎಷ್ಟು ಅಂತಲೂ ಕೇಳಿ. ಮ್ಯಾಗ್ನಾಕಟ್ ತಗೊಳ್ಳಿ ಅಂತ ನಾನು ಹೇಳುದಿಲ್ಲ ಮಾರಾಯ್ರೆ, ಆ ದುಡ್ಡಲ್ಲಿ ಒಳ್ಳೆ ಮಿಕ್ಸಿ ಬರ್ತದೆ.

ಇನ್ನೊಂದು ವಿಷಯ, ಸ್ಟೀಲಿನ ಹೆಸರಿಗಿಂತ ಅಲಗು ಎಷ್ಟು ತೆಳು ಅನ್ನುವುದೇ ಮುಖ್ಯ. ಇವತ್ತು ಮನೆಯಲ್ಲಿ ಪತ್ರೊಡೆ, ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವುದು. ಅಮ್ಮ ಮೆಟ್ಟುಕತ್ತಿಯಲ್ಲಿ ಕೂತು ತೆಂಗಿನಕಾಯಿ, ಹುಳಿ ಅಂತ ತಯಾರಿ ಮಾಡುವಾಗ ಕೆಸುವಿನ ಎಲೆಯ ಬೆನ್ನಿನ ದಪ್ಪ ನಾರು ತೆಗೆಯುವ ಕೆಲಸ ನನಗೆ ಬಂತು. ಎಲೆ ಹರಿಯಬಾರದು, ನಾರು ಮಾತ್ರ ಎಲೆಯ ಮಟ್ಟಕ್ಕೆ ಕೆತ್ತಿ ಬರಬೇಕು, ಇಲ್ಲದಿದ್ರೆ ಸುತ್ತುವಾಗ ಮುರಿದು ಹಿಟ್ಟೆಲ್ಲ ಹೊರಗೆ. ಆ ಡಿ2 ಕತ್ತಿಯ ಅಲಗು ಮೂರು ಮಿಲಿಮೀಟರಿಗಿಂತ ದಪ್ಪ, ಹರಿತ ಎಷ್ಟಿದ್ರೂ ನಾರಿನೊಳಗೆ ಹೋಗಿ ಸೀಳ್ತದೆ ಬಿಟ್ರೆ ಕೆತ್ತುವುದಿಲ್ಲ. ನನ್ನ ಇನ್ನೊಂದು ಮಡಚುವ ಕತ್ತಿ ಒಪಿನೆಲ್ ನಂಬರ್ 8 ಕೈಗೆ ತಗೊಂಡೆ, ಅದರದ್ದು ಎರಡು ಮಿಲಿಮೀಟರಿಗಿಂತ ಕಮ್ಮಿ. ಅಲಗನ್ನು ಎಲೆಗೆ ಹೆಚ್ಚುಕಮ್ಮಿ ಮಲಗಿಸಿ ತೊಟ್ಟಿನ ಕಡೆಯಿಂದ ತುದಿಗೆ ಎಳೆದ್ರೆ ನಾರು ಉದ್ದಕ್ಕೆ ಸುರುಳಿಯಾಗಿ ಎದ್ದು ಬರ್ತದೆ, ಎಲೆಗೆ ಒಂದು ಗೀರೂ ಇಲ್ಲ. ಅಮ್ಮ ನೋಡಿ "ಇದಾದ್ರೂ ಎಂತಕ್ಕಾದ್ರೂ ಆಗ್ತದಲ್ಲ" ಅಂದ್ರು. ಉಳಿದ ಕತ್ತಿಗಳ ಬಗ್ಗೆ ಅವರ ಅಭಿಪ್ರಾಯ ಇಲ್ಲಿ ಬರೆಯುವುದಿಲ್ಲ.

ಒಪಿನೆಲ್ ಫ್ರಾನ್ಸಿನ ಸವೋಯ್ ಪ್ರಾಂತ್ಯದ್ದು, 1890ರಿಂದ ಉಂಟು, ಅಲಗು ಮಡಚದ ಹಾಗೆ ಕುತ್ತಿಗೆಯಲ್ಲಿ ತಿರುಗಿಸುವ ಆ ಬಳೆ ಬಂದದ್ದು 1955ರಲ್ಲಿ. ಎರಡು ತರ ಸಿಗ್ತದೆ, ಕಾರ್ಬನ್ ಮತ್ತು ಸ್ಟೈನ್‌ಲೆಸ್. ಕಾರ್ಬನ್ನಿನದ್ದು ಹರಿತ ಮಾಡ್ಲಿಕ್ಕೆ ಬಹಳ ಸುಲಭ, ಆದ್ರೆ ಅದರಲ್ಲಿ ಬಾಳೆಕಾಯಿ ಕೊಯ್ದ್ರೆ ಅಲಗೂ ಕಪ್ಪು ಬಾಳೆಕಾಯಿಯೂ ಕಪ್ಪು. ಆ ಕಪ್ಪು ಕೆಟ್ಟದ್ದಲ್ಲ, ಒಂದು ತರ ರಕ್ಷಣೆಯೇ, ಕೆಂಪು ತುಕ್ಕು ಬಂದ್ರೆ ಮಾತ್ರ ಹೆದರ್ಬೇಕು. ಇಲ್ಲಿಗೆ ಸ್ಟೈನ್‌ಲೆಸ್ಸೇ ಸರಿ. ಮರದ ಹಿಡಿ ನೀರು ಕುಡಿದು ಉಬ್ಬಿದ್ರೆ ಅಲಗು ಸಿಕ್ಕಿಹಾಕಿಕೊಳ್ಳುವುದು ಎಲ್ಲಾ ಕಡೆ ಇದ್ದದ್ದೇ. ಆಗ ಬಳೆ ಸಡಿಲ ಮಾಡಿ ಹಿಡಿಯ ಹಿಂಬದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಬೇಕು, ಅಲಗಿನ ಬೆನ್ನು ಸ್ವಲ್ಪ ಮೇಲೆ ಬರ್ತದೆ, ಬೆರಳಲ್ಲಿ ಹಿಡಿದು ಎಳೀಬಹುದು.

ಅದೆಲ್ಲ ರಗಳೆ ಬೇಡ ಅಂದ್ರೆ ಸ್ವಿಸ್ ಕಂಪೆನಿ ವಿಕ್ಟೋರಿನಾಕ್ಸಿನ ಕತ್ತಿ. ಸ್ಟೀಲು ದೊಡ್ಡ ಹೆಸರಿನದ್ದಲ್ಲ, ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 56, ಇಂಟರ್‌ನೆಟ್ಟಿನ ಕತ್ತಿ ಪಂಡಿತರು ಮೂಗು ಮುರಿಯುವಂಥದ್ದು. ಆದ್ರೆ ಕಾರ್ಬನ್ ಅರ್ಧ ಪರ್ಸೆಂಟಿಗಿಂತ ಚೂರು ಜಾಸ್ತಿ ಅಷ್ಟೇ, ಕ್ರೋಮಿಯಂ 14ರ ಮೇಲೆ, ಮಾಲಿಬ್ಡಿನಂ ಬೇರೆ ಉಂಟು, ಹಾಗಾಗಿ ತುಕ್ಕಿನ ಚಿಂತೆ ಕಮ್ಮಿ. ಹರಿತ ಬೇಗ ಹೋಗ್ತದೆ, ಹೌದು, ಹೋದ್ರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ಅಡಿಯ ಒರಟು ಅಂಚಲ್ಲಿ ಆಚೆ ಈಚೆ ಮಸೆದ್ರೆ ವಾಪಸ್ ಬರ್ತದೆ. ಎಸ್30ವಿ ತರದ ವೆನೇಡಿಯಂ ಸ್ಟೀಲು ಮೊಂಡಾದ್ರೆ ಮನೆಯ ಸಾಣೆಕಲ್ಲಲ್ಲಿ ಬೆವರು ಬರ್ತದೆ ಹೊರತು ಹರಿತ ಬರುವುದಿಲ್ಲ, ಡೈಮಂಡ್ ಪ್ಲೇಟೇ ಬೇಕು.

ಸಾಯಂಕಾಲ ಮಳೆ ಸ್ವಲ್ಪ ಬಿಟ್ಟಾಗ ಪಕ್ಕದ ಮನೆ ಅಣ್ಣ ಜಗಲಿಯಲ್ಲಿ ಬಲೆ ರಿಪೇರಿಗೆ ಕೂತಿದ್ರು. ಮಲ್ಪೆ ಬಂದರಲ್ಲಿ ಅವರ ಬೋಟು, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ರಜೆಯಲ್ವಾ, 61 ದಿನ. ಸಮುದ್ರಕ್ಕೆ ಅಂತಲೇ ಮಾಡಿದ ಸ್ಟೀಲೂ ಉಂಟು ಅಂತ ಅವರಿಗೆ ಹೇಳಿದೆ, ಸ್ಪೈಡರ್ಕೋ ಅನ್ನುವ ಕತ್ತಿ ಕಂಪೆನಿಯವರ ಸಾಲ್ಟ್ ಕತ್ತಿಗಳಲ್ಲಿ ಬಂದ ಎಚ್1, ಎಲ್‌ಸಿ200ಎನ್, ಕಾರ್ಬನ್ ಕಮ್ಮಿ ಮಾಡಿ ನೈಟ್ರೋಜನ್ ಸೇರಿಸಿದ್ದು, ಉಪ್ಪುನೀರಲ್ಲಿ ಬಿಟ್ರೂ ಏನಾಗುದಿಲ್ಲ ಅನ್ನುವಷ್ಟು. ಅವರು ಪೂರ್ತಿ ಕೇಳಿದ್ರು, ಬೆಲೆ ಕೇಳಿದ್ರು, ಮತ್ತೆ ತಮ್ಮ ಪ್ಲಾಸ್ಟಿಕ್ ಹಿಡಿಯ ಸಣ್ಣ ಕತ್ತಿಯಲ್ಲಿ ಒಂದೇ ಎಳೆತಕ್ಕೆ ಹಗ್ಗ ತುಂಡು ಮಾಡಿ, "ಬೋಟಲ್ಲಿ ಕತ್ತಿ ಅಂದ್ರೆ ನೀರಿಗೆ ಬಿದ್ರೂ ಹೊಟ್ಟೆ ಉರೀಬಾರದು ಮಾರಾಯ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಭಾವನಿಗೆ ಇನ್ನೆರಡು ಮಾತು. ಅಲಗಿಗೆ ತೆಂಗಿನೆಣ್ಣೆ ಸವರಿ, ಹಲಸಿನ ಮಯಣವೂ ಅಂಟುವುದಿಲ್ಲ, ಆದ್ರೆ ಮಡಚುವ ಜಾಗಕ್ಕೆ ಅದನ್ನು ಬಿಡ್ಬೇಡಿ, ದಿನ ಹೋದ ಹಾಗೆ ಅಂಟಾಗ್ತದೆ, ಅಲ್ಲಿಗೆ ಹೊಲಿಗೆ ಮೆಶಿನ್ ಎಣ್ಣೆ ಒಂದು ಹನಿ. ಚರ್ಮದ ಚೀಲದಲ್ಲಿ ಹಾಕಿ ಕಪಾಟಲ್ಲಿ ಇಡ್ಬೇಡಿ, ಚರ್ಮ ಪಸೆ ಹಿಡಿದುಕೊಳ್ತದೆ. ಮತ್ತೆ ಬಜ್ಪೆ ಏರ್‌ಪೋರ್ಟಿಗೆ ಹೋಗುವ ದಿನ ಕಿಸೆ ಒಮ್ಮೆ ತಡವಿ ನೋಡಿ, ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಲ್ಲೇ ಹಾಕ್ಬೇಕು.